‘ಗಿವ್ ಅಪ್’: ಬಿಟ್ಟವರಾರು, ಬಿಟ್ಟದ್ದೇನು?



ಭಾಷಾಬೋಧನೆ ಮತ್ತು ಅನುವಾದ ಎರಡಕ್ಕೂ ಉಪಯೋಗವಾಗುವ ವಿಷಯವೊಂದನ್ನು ಆರಿಸಿಕೊಳ್ಳಿ ಎಂದು ಈ ದತ್ತಿ ಉಪನ್ಯಾಸದ ಸಮಿತಿಯವರು ಹೇಳಿದ್ದರು. ನಾನು ಆರಿಸಿಕೊಂಡದ್ದು ಎರಡೇ ಪದಗಳ ಒಂದು ಇಂಗ್ಲಿಷ್ ಕ್ರಿಯಾಪದ: ‘ಗಿವ್ ಅಪ್’. ವಿಷಯ ತೀರ ಚಿಕ್ಕದೆಂದು ನಿಮಗೆ ಅನ್ನಿಸಿದರೆ ಆಶ್ಚರ್ಯವಿಲ್ಲ. ಏಳನೆಯ ತರಗತಿಯ ಹುಡುಗನನ್ನು ಕೇಳಿದರೂ ‘ಬಿಟ್ಟುಬಿಡು’ ಎಂದು ಅರ್ಥ ಹೇಳುತ್ತಾನೆ. ಅವನ ಉತ್ತರ ತಪ್ಪಲ್ಲ. ಆದರೆ ಆ ಒಂದು ಉತ್ತರವನ್ನು ನಂಬಿ ಅನುವಾದಕ್ಕೆ ಕೂತರೆ ಎರಡನೆಯ ವಾಕ್ಯದಲ್ಲೇ ಎಡವುತ್ತೇವೆ.

ನಾನು ಹೇಳಹೊರಟಿರುವುದು ಇಷ್ಟು: ‘ಗಿವ್ ಅಪ್’ ಎಂಬ ಕ್ರಿಯೆಗೆ ತನ್ನದೇ ಆದ ಮಾನವೂ ಇಲ್ಲ, ಅವಮಾನವೂ ಇಲ್ಲ. ಅದು ಸೋಲೋ ತ್ಯಾಗವೋ ಎಂಬುದು ಯಾರು ಬಿಟ್ಟರು, ಏನನ್ನು ಬಿಟ್ಟರು, ಮನಸಾರೆ ಬಿಟ್ಟರೋ ಇಲ್ಲವೋ ಎಂಬುದರ ಮೇಲೆ ನಿಂತಿದೆ. ಇಂಗ್ಲಿಷ್ ಆ ತೀರ್ಮಾನವನ್ನು ಕೇಳುವವರ ಪಾಲಿಗೆ ಬಿಟ್ಟು ಸುಮ್ಮನಾಗುತ್ತದೆ. ಕನ್ನಡ ಬಹುಮಟ್ಟಿಗೆ ಕ್ರಿಯಾಪದದಲ್ಲೇ ಹೇಳಿಬಿಡುತ್ತದೆ. ಆದ್ದರಿಂದ ಇಂಗ್ಲಿಷಿನಿಂದ ಕನ್ನಡಕ್ಕೆ ಬರುವವನು ದಾರಿಯಲ್ಲಿ ಒಂದು ನ್ಯಾಯತೀರ್ಮಾನ ಮಾಡಿಕೊಂಡೇ ಬರಬೇಕು.

ಹೆಸರು ಮತ್ತು ತೊಡಕು

ಒಂದು ಸಾದಾ ಕ್ರಿಯಾಪದ, ಅದರ ಬೆನ್ನಿಗೆ ಅಪ್, ಡೌನ್, ಇನ್, ಔಟ್, ಆಫ್ ಮುಂತಾದ ಒಂದು ಪುಟ್ಟ ಪದ. ಎರಡೂ ಸೇರಿ ಬಿಡಿಯಾಗಿ ಇಲ್ಲದ ಒಂದು ಅರ್ಥ. ಇಂಥವನ್ನು ಇಂದು ‘ಫ್ರೇಸಲ್ ವರ್ಬ್’ ಎನ್ನುತ್ತಾರೆ. ಈ ಹೆಸರು ಅಚ್ಚಿಗೆ ಬಂದದ್ದು 1925ರಲ್ಲಿ, ಲೋಗನ್ ಪಿಯರ್ಸಾಲ್ ಸ್ಮಿತ್ ಬರೆದ ‘ವರ್ಡ್ಸ್ ಅಂಡ್ ಈಡಿಯಮ್ಸ್’ ಪುಸ್ತಕದಲ್ಲಿ. ಹೆಸರನ್ನು ಸೂಚಿಸಿದವರು ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ ಎಂದು ಸ್ಮಿತ್ ಅಲ್ಲೇ ಹೇಳಿದ್ದಾರೆ.

ಹೆಸರು ಹೊಸದಾದರೂ ತೊಡಕು ಹಳೆಯದು. 1755ರಲ್ಲಿ ತಮ್ಮ ನಿಘಂಟನ್ನು ಪ್ರಕಟಿಸಿದ ಸ್ಯಾಮ್ಯುಯೆಲ್ ಜಾನ್ಸನ್, ಪರದೇಶದವರಿಗೆ ಇಂಗ್ಲಿಷಿನಲ್ಲಿ ಅತಿ ಕಷ್ಟವಾಗುವುದು ಇಂಥ ಜೋಡಿಗಳೇ ಎಂದು ಮುನ್ನುಡಿಯಲ್ಲಿ ಬರೆದರು. ಅವರ ನಿಘಂಟಿನಲ್ಲಿ ‘ಟೇಕ್’ ಎಂಬ ಒಂದೇ ಕ್ರಿಯಾಪದಕ್ಕೆ 134 ಅರ್ಥಗಳಿವೆ. ಅವುಗಳಲ್ಲಿ ಎಷ್ಟೋ ಅರ್ಥಗಳು ‘ಟೇಕ್’ನ ಹಿಂದೆ ಬರುವ ಪುಟ್ಟ ಪದದಿಂದ ಹುಟ್ಟಿದವು. ಇಂಗ್ಲಿಷ್ ಕಲಿಯುವ ಕನ್ನಡಿಗ ಫ್ರೆಂಚಿನಿಂದ ಬಂದ ದೊಡ್ಡ ಪದಗಳಿಗೆ ಹೆದರುವುದಿಲ್ಲ. ‘ಅಬ್ಯಾಂಡನ್’, ‘ಸರೆಂಡರ್’, ‘ರಿಲಿಂಕ್ವಿಶ್’ ಇವನ್ನು ಗಟ್ಟಿಮಾಡಿಕೊಂಡರೆ ಮುಗಿಯಿತು. ಮನೆಮಾತಿನ ‘ಗಿವ್ ಅಪ್’ ಬಂದಾಗಲೇ ಅವನು ತಡವರಿಸುವುದು, ಏಕೆಂದರೆ ಆ ಮೂರೂ ಪದಗಳ ಕೆಲಸವನ್ನು ಇದೊಂದೇ ಮಾಡುತ್ತದೆ.

ಬಿಷಪ್ಪರ ಕೋಟೆಗಳು

ಹಳೆಯ ಇಂಗ್ಲಿಷಿನಲ್ಲಿ ಇಂಥ ಪುಟ್ಟ ಪದ ಕ್ರಿಯಾಪದದ ಹಿಂದೆ ಬರುವುದಕ್ಕಿಂತ ಹೆಚ್ಚಾಗಿ ಮುಂದೆಯೇ ಅಂಟಿಕೊಳ್ಳುತ್ತಿತ್ತು. ಕೊಡು ಎಂಬರ್ಥದ ‘ಗಿಯೆಫಾನ್’ಗೆ ‘ಒಫ್’ ಸೇರಿ ‘ಒಫ್‌ಗಿಯೆಫಾನ್’ ಆದರೆ ತೊರೆ, ಬಿಟ್ಟುಹೋಗು ಎಂದರ್ಥ. ‘ಬೇವುಲ್ಫ್’ ಕಾವ್ಯದಲ್ಲಿ ಹ್ರೆಥೆಲ್ ಎಂಬ ಮುದಿ ದೊರೆ ಮಗನ ಸಾವಿನ ದುಃಖದಲ್ಲಿ ಲೋಕದ ಸಂತೋಷಗಳನ್ನು ಬಿಟ್ಟು ಹೊರಟಾಗ ಬರುವುದು ಈ ಕ್ರಿಯಾಪದವೇ. ಜರ್ಮನ್ ಇಂದಿಗೂ ಹೀಗೆಯೇ ಅಂಟಿಸುತ್ತದೆ. ಅಲ್ಲಿ ‘ಔಫ್‌ಗೇಬೆನ್’ ಎಂದರೆ ಗಿವ್ ಅಪ್ ಎಂದೂ ಆಗುತ್ತದೆ, ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಒಪ್ಪಿಸುವುದು ಎಂದೂ ಆಗುತ್ತದೆ.

ಇಂಗ್ಲಿಷಿನಲ್ಲಿ ಈ ಪದ ಕ್ರಿಯಾಪದದ ಹಿಂದಕ್ಕೆ ಸರಿದು ನಿಂತದ್ದನ್ನು ಕಾಣಬೇಕಾದರೆ ಪೀಟರ್‌ಬರೋ ಮಠದ ವೃತ್ತಾಂತವನ್ನು ನೋಡಬೇಕು. ಅದರ ಕೊನೆಯ ಭಾಗವನ್ನು ಹನ್ನೆರಡನೆಯ ಶತಮಾನದ ನಡುವಿನಲ್ಲಿ ಅಲ್ಲಿನ ಸಂನ್ಯಾಸಿಯೊಬ್ಬ ಬರೆದ. 1137ರ ಹೆಸರಿನಲ್ಲಿರುವ ಬರಹದಲ್ಲಿ ದೊರೆ ಸ್ಟೀಫನ್ನನ ಒಂದು ಕೃತ್ಯ ಬರುತ್ತದೆ. ಇದು ನಿಜವಾಗಿ ನಡೆದದ್ದು 1139ರಲ್ಲಿ. ಆಕ್ಸ್‌ಫರ್ಡಿನಲ್ಲಿ ಸಭೆ ಕರೆದ ದೊರೆ ಸಾಲ್ಸ್‌ಬರಿಯ ಬಿಷಪ್ ರೋಜರ್, ಲಿಂಕನ್ನಿನ ಬಿಷಪ್ ಅಲೆಕ್ಸಾಂಡರ್ ಮತ್ತು ಚಾನ್ಸಲರ್ ಆಗಿದ್ದ ಇನ್ನೊಬ್ಬ ರೋಜರ್, ಈ ಮೂವರನ್ನೂ ಹಿಡಿದು ಸೆರೆಗೆ ಹಾಕಿಸಿದ. ತಮ್ಮ ಕೋಟೆಗಳನ್ನು ಬಿಟ್ಟುಕೊಡುವವರೆಗೂ ಅವರು ಒಳಗೇ ಇದ್ದರು. ‘ಬಿಟ್ಟುಕೊಡುವವರೆಗೂ’ ಎಂದು ನಾನು ಹೇಳಿದ ಕಡೆ ಸಂನ್ಯಾಸಿ ಬರೆದದ್ದು ‘ಗೇವ್ ಅಪ್’ನ ಆ ಕಾಲದ ರೂಪವನ್ನೇ. ಆಗ ಅದರ ಮೊದಲ ಅಕ್ಷರ ಯಕಾರವಾಗಿ ಉಚ್ಚಾರವಾಗುತ್ತಿತ್ತು. ಇಂದಿನ ಗಕಾರ ಬಂದದ್ದು ಸ್ಕ್ಯಾಂಡಿನೇವಿಯದವರ ಮಾತಿನ ಪ್ರಭಾವದಿಂದ. ಅವರ ಹಳೆಯ ನಾರ್ಸ್ ಭಾಷೆಯಲ್ಲೂ ‘ಗೆಫಾ ಉಪ್’ ಎಂದರೆ ಶರಣಾಗು, ಒಪ್ಪಿಸು ಎಂದೇ ಅರ್ಥ. ಪೀಟರ್‌ಬರೋ ಇದ್ದದ್ದು ಡೇನರು ನೆಲೆಸಿದ್ದ ಸೀಮೆಯಲ್ಲಿ. ಇಂಗ್ಲಿಷ್ ಕ್ರಿಯಾಪದಗಳ ಹಿಂದೆ ಇಂಥ ಪುಟ್ಟ ಪದಗಳು ದಟ್ಟವಾಗಲು ನಾರ್ಸ್ ಎಷ್ಟು ಕಾರಣ ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ.

ಸಂನ್ಯಾಸಿಯ ಆ ವಾಕ್ಯದಲ್ಲಿ ನನ್ನ ಗಮನ ಸೆಳೆಯುವುದು ಬೇರೆಯದು. ಬಿಷಪ್ಪರು ಕೋಟೆ ‘ಕೊಟ್ಟರು’ ಎಂದೇ ವ್ಯಾಕರಣ ಹೇಳುತ್ತದೆ, ಕರ್ತೃಗಳು ಅವರೇ. ಆದರೆ ಕೊಟ್ಟದ್ದು ಸೆರೆಮನೆಯೊಳಗಿಂದ. ಕಿತ್ತುಕೊಂಡದ್ದನ್ನು ಕೊಟ್ಟದ್ದೆಂದು ಹೇಳುವ ಚಾಳಿ ಈ ಕ್ರಿಯಾಪದಕ್ಕೆ ಎಳವೆಯಲ್ಲೇ ಅಂಟಿತ್ತು.

ಕರ್ಮಪದ ಕಂಡು ಅರ್ಥ ಹೇಳು

ಇಂದಿನ ಬಳಕೆಗೆ ಬರೋಣ. ‘ಅಪ್’ ಎಂದರೆ ಇಲ್ಲಿ ಮೇಲೆ ಎಂದಲ್ಲ. ಪೂರ್ತಿ, ಇನ್ನು ಉಳಿದಿಲ್ಲ ಎಂದು. ‘ಈಟ್ ಅಪ್’ ಎಂದರೆ ತಟ್ಟೆ ಖಾಲಿ, ‘ಯೂಸ್ ಅಪ್’ ಎಂದರೆ ಡಬ್ಬಿ ಖಾಲಿ. ಹಾಗೆಯೇ ‘ಗಿವ್ ಅಪ್’ ಎಂದರೆ ಕೈ ಪೂರ್ತಿ ಖಾಲಿ. ಕನ್ನಡದಲ್ಲಿ ಈ ಕೆಲಸವನ್ನು ಎರಡನೆಯ ಕ್ರಿಯಾಪದ ಮಾಡುತ್ತದೆ: ತಿಂದುಹಾಕು, ಮುಗಿಸಿಬಿಡು, ಕೊಟ್ಟುಬಿಡು. ಆದ್ದರಿಂದ ಈ ಭಾವ ನಮಗೆ ಅಪರಿಚಿತವಲ್ಲ. ಅಪರಿಚಿತವಾದದ್ದು ಒಂದೇ ಜೋಡಿ ಇಷ್ಟು ಕಡೆ ಓಡಾಡುವುದು.

ಬಸ್ಸಿನಲ್ಲಿ ಹುಡುಗಿಯೊಬ್ಬಳು ಮುದುಕರಿಗೆ ಸೀಟು ‘ಗಿವ್ ಅಪ್’ ಮಾಡಿದರೆ ನಾವು ಬಿಟ್ಟುಕೊಟ್ಟಳು ಎನ್ನುತ್ತೇವೆ. ಸಿಗರೇಟು ‘ಗಿವ್ ಅಪ್’ ಮಾಡಿದವನು ಚಟ ಬಿಟ್ಟ. ಪೊಲೀಸರ ಮುಂದೆ ತನ್ನನ್ನೇ ‘ಗಿವ್ ಅಪ್’ ಮಾಡಿಕೊಂಡವನು ಶರಣಾದ. ವಿಚಾರಣೆಯಲ್ಲಿ ಜೊತೆಗಾರರ ಹೆಸರು ‘ಗಿವ್ ಅಪ್’ ಮಾಡಿದವನು ಬಾಯಿಬಿಟ್ಟ. ರೋಗಿಯನ್ನು ‘ಗಿವ್ ಅಪ್’ ಮಾಡಿದ ಡಾಕ್ಟರು ಕೈಚೆಲ್ಲಿದರು. ವರ್ಷಗಟ್ಟಲೆ ಬಾರದ ಸಾಲವನ್ನು ಹೋಯಿತೆಂದೇ ‘ಗಿವ್ ಅಪ್’ ಮಾಡಿದವರು ಅದಕ್ಕೆ ಎಳ್ಳುನೀರು ಬಿಟ್ಟರು. ಒಂದು ದಿನವನ್ನೆಲ್ಲ ಅತಿಥಿಗಳಿಗಾಗಿ ‘ಗಿವ್ ಅಪ್’ ಮಾಡಿದವರು ಅದನ್ನು ಮೀಸಲಿಟ್ಟರು. 1611ರ ಇಂಗ್ಲಿಷ್ ಬೈಬಲಿನಲ್ಲಿ ಅಬ್ರಹಾಮ ‘ಘೋಸ್ಟ್’ ಅನ್ನು ‘ಗಿವ್ ಅಪ್’ ಮಾಡುತ್ತಾನೆ, ಎಂದರೆ ಪ್ರಾಣ ಬಿಡುತ್ತಾನೆ. ಇದೇ ಮಾತನ್ನು ಇಂಗ್ಲಿಷರು ಈಗ ಕೆಟ್ಟುನಿಂತ ಕಾರಿಗೂ ಬಳಸುತ್ತಾರೆ. ನಮ್ಮ ಕಾರು ಪ್ರಾಣ ಬಿಡುವುದಿಲ್ಲ, ಕೈಕೊಡುತ್ತದೆ.

ಕರ್ಮಪದವೇ ಇಲ್ಲದಿದ್ದರೆ ಕಥೆ ಬೇರೆ. ಒಗಟು ಬಿಡಿಸಲಾಗದೆ ‘ಐ ಗಿವ್ ಅಪ್’ ಎಂದರೆ ಸೋತೆ ಎಂದು ಒಪ್ಪಿಕೊಂಡಂತೆ. ಏನನ್ನು ಬಿಟ್ಟೆ ಎಂದು ಹೇಳದಿದ್ದರೆ ಬಿಟ್ಟದ್ದು ಪ್ರಯತ್ನವನ್ನೇ. ಇದರ ಪರಿಣಾಮ ಎಷ್ಟು ದೊಡ್ಡದೆಂಬುದಕ್ಕೆ ಪಂಪನ ‘ಆದಿಪುರಾಣ’ದ ಬಾಹುಬಲಿಯನ್ನು ತೆಗೆದುಕೊಳ್ಳಿ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಅಣ್ಣ ಭರತನನ್ನು ಗೆದ್ದ ಮೇಲೆ ಅವನು ರಾಜ್ಯ ಬಿಟ್ಟು ತಪಸ್ಸಿಗೆ ಹೋಗುತ್ತಾನೆ. ‘ಬಾಹುಬಲಿ ಗೇವ್ ಅಪ್ ದ ಕಿಂಗ್‌ಡಮ್’ ಎಂದರೆ ಸರಿ. ವಿದ್ಯಾರ್ಥಿ ಕೊನೆಯ ಎರಡು ಪದ ಮರೆತು ‘ಬಾಹುಬಲಿ ಗೇವ್ ಅಪ್’ ಎಂದು ನಿಲ್ಲಿಸಿದನೋ, ಇಂಗ್ಲಿಷ್ ಓದುಗನ ಪಾಲಿಗೆ ಬಾಹುಬಲಿ ಯುದ್ಧದಲ್ಲಿ ಸೋತುಹೋದ. ತ್ಯಾಗಕ್ಕೂ ಸೋಲಿಗೂ ನಡುವೆ ಇರುವುದು ಒಂದು ಕರ್ಮಪದ.

‘ಆನ್’ ಸೇರಿ ‘ಗಿವ್ ಅಪ್ ಆನ್’ ಆದರೆ ಇನ್ನೊಂದು ಛಾಯೆ. ಮಗನನ್ನು ‘ಗಿವ್ ಅಪ್’ ಮಾಡುವುದೆಂದರೆ ಒಪ್ಪಿಸುವುದೋ ಬಿಟ್ಟುಕೊಡುವುದೋ ಆದೀತು. ಮಗನ ವಿಷಯದಲ್ಲಿ ‘ಗಿವ್ ಅಪ್ ಆನ್’ ಎಂದರೆ ಅವನು ಉದ್ಧಾರವಾಗುತ್ತಾನೆಂಬ ಆಸೆ ಬಿಡುವುದು. ಮಗ ಮನೆಯಲ್ಲೇ ಇರುತ್ತಾನೆ, ಊಟವೂ ನಡೆಯುತ್ತದೆ. ನಂಬಿಕೆ ಮಾತ್ರ ಹೋಗಿದೆ.

ಎರಡು ನಿಯಮ, ಒಂದು ತಪ್ಪು

ವ್ಯಾಕರಣದಲ್ಲಿ ವಿದ್ಯಾರ್ಥಿಗಳು ನೆನಪಿಡಬೇಕಾದ ನಿಯಮ ಎರಡು. ಮೊದಲನೆಯದು ಸ್ಥಾನದ ನಿಯಮ. ‘ಗಿವ್ ಅಪ್ ದ ಸೀಟ್’ ಎನ್ನಬಹುದು, ‘ಗಿವ್ ದ ಸೀಟ್ ಅಪ್’ ಎಂದೂ ಹೇಳಬಹುದು. ಆದರೆ ಸೀಟಿನ ಬದಲು ‘ಇಟ್’ ಬಂದರೆ ಅದು ನಡುವೆಯೇ ಕೂರಬೇಕು: ‘ಗಿವ್ ಇಟ್ ಅಪ್’. ಈ ನಿಯಮವನ್ನು ದೇಶಕ್ಕೆಲ್ಲ ಕಲಿಸಿದ್ದು ಅಡುಗೆ ಅನಿಲ. ಅನುಕೂಲಸ್ಥರು ಎಲ್‌ಪಿಜಿ ಸಬ್ಸಿಡಿಯನ್ನು ತಾವಾಗಿ ಬಿಡಲಿ ಎಂದು ಪ್ರಧಾನಿ ನರೇಂದ್ರ ಮೋದಿ 2015ರ ಮಾರ್ಚ್ 27ರಂದು ದೆಹಲಿಯಲ್ಲಿ ಆರಂಭಿಸಿದ ಅಭಿಯಾನದ ಹೆಸರೇ ‘ಗಿವ್ ಇಟ್ ಅಪ್’. ಮರುವರ್ಷದ ಏಪ್ರಿಲ್ ಹೊತ್ತಿಗೆ ಸಬ್ಸಿಡಿ ಬಿಟ್ಟವರು ಒಂದು ಕೋಟಿ ದಾಟಿದ್ದರು. ಕನ್ನಡದಲ್ಲಿ ಈ ಘೋಷಣೆ ಬರೆಯಲು ಕೂತವನ ಮುಂದೆ ಮೂರು ದಾರಿಗಳಿರುತ್ತವೆ. ‘ಸಬ್ಸಿಡಿ ಬಿಡಿ’ ಎಂದರೆ ಗದರಿಸಿದಂತೆ, ‘ತ್ಯಜಿಸಿ’ ಎಂದರೆ ಸಂನ್ಯಾಸ ಕೊಟ್ಟಂತೆ, ‘ಬಿಟ್ಟುಕೊಡಿ’ ಎಂದರೆ ಇನ್ನೊಬ್ಬರಿಗೆ ದಾರಿ ಮಾಡಿಕೊಟ್ಟಂತೆ. ಬಡವರ ಮನೆಗೆ ಒಲೆ ಮುಟ್ಟಿಸುವುದು ಅಭಿಯಾನದ ಆಶಯವಾದ್ದರಿಂದ ಮೂರನೆಯದೇ ಹೊಂದುತ್ತದೆ.

ಎರಡನೆಯದು ರೂಪದ ನಿಯಮ. ‘ಗಿವ್ ಅಪ್’ ಆದಮೇಲೆ ‘ಸ್ಮೋಕಿಂಗ್’ ಬರಬೇಕು, ‘ಟು ಸ್ಮೋಕ್’ ಬರಬಾರದು. ನಮ್ಮ ಹುಡುಗರು ‘ಹಿ ಗೇವ್ ಅಪ್ ಟು ಸ್ಮೋಕ್’ ಎಂದು ಬರೆದಾಗ ಮಾಸ್ತರರು ಅದನ್ನು ಕನ್ನಡದ ಪ್ರಭಾವ ಎಂದು ಬಿಡುವುದುಂಟು. ಇದು ಕನ್ನಡಕ್ಕೆ ಅನ್ಯಾಯ. ಕನ್ನಡದಲ್ಲಿ ನಾವು ‘ಸೇದಲು ಬಿಟ್ಟ’ ಎನ್ನುವುದಿಲ್ಲ. ಹಾಗೆಂದರೆ ಬೇರೆ ಯಾರಿಗೋ ಸೇದಲು ಅವಕಾಶ ಕೊಟ್ಟ ಎಂದಾಗುತ್ತದೆ. ‘ಸೇದುವುದನ್ನು ಬಿಟ್ಟ’ ಎನ್ನುತ್ತೇವೆ, ಕ್ರಿಯೆಯನ್ನು ನಾಮಪದ ಮಾಡಿ ಅದಕ್ಕೆ ವಿಭಕ್ತಿ ಹಚ್ಚಿ. ‘ಸ್ಮೋಕಿಂಗ್’ ಇದರ ಸರಿಸಮ. ತಪ್ಪು ಬರುವುದು ‘ಡಿಸೈಡೆಡ್ ಟು’, ‘ಟ್ರೈಡ್ ಟು’ ಇವುಗಳ ಅಭ್ಯಾಸಬಲದಿಂದ. ಇಲ್ಲಿ ಕನ್ನಡವನ್ನು ನೆನೆದು ಬರೆದ ಹುಡುಗನೇ ಸರಿಯಾಗಿ ಬರೆಯುತ್ತಾನೆ.

ಚರ್ಚಿಲ್ ಹೇಳದ ಮಾತು

‘ಗಿವ್ ಅಪ್’ಗೂ ಅದರ ದಾಯಾದಿ ‘ಗಿವ್ ಇನ್’ಗೂ ಇರುವ ಅಂತರ ತಿಳಿಯಲು ಒಂದು ಪ್ರಸಿದ್ಧ ಭಾಷಣವಿದೆ. 1941ರ ಅಕ್ಟೋಬರ್ 29ರಂದು ವಿನ್‌ಸ್ಟನ್ ಚರ್ಚಿಲ್ ತಾವು ಓದಿದ ಹ್ಯಾರೋ ಶಾಲೆಗೆ ಹೋಗಿ ಹುಡುಗರನ್ನು ಉದ್ದೇಶಿಸಿ ಮಾತಾಡಿದರು. ಅಲ್ಲಿ ಅವರು ಹೇಳಿದ್ದು ‘ನೆವರ್ ಗಿವ್ ಅಪ್’ ಎಂಬ ಮೂರೇ ಪದ, ಹೇಳಿ ಕೂತುಬಿಟ್ಟರು ಎಂಬ ಕಥೆಯನ್ನು ಎಷ್ಟೋ ಪ್ರೇರಣಾ ಭಾಷಣಗಳಲ್ಲಿ ನೀವು ಕೇಳಿರುತ್ತೀರಿ. ಅವರು ಕೂತುಬಿಡಲಿಲ್ಲ, ಸಾಕಷ್ಟು ಮಾತಾಡಿದರು. ಒತ್ತಿ ಒತ್ತಿ ಬಳಸಿದ್ದು ‘ಗಿವ್ ಇನ್’ ಎಂಬ ಮಾತನ್ನು. ಅದಕ್ಕೆ ಒಂದು ವಿನಾಯಿತಿಯನ್ನೂ ಸೇರಿಸಿದರು: ಮಾನ ಮತ್ತು ವಿವೇಕ ಒಪ್ಪಿದ ಕಡೆ ಬಿಟ್ಟು.

‘ಗಿವ್ ಇನ್’ ಎಂದರೆ ಎದುರಿನ ಒತ್ತಡಕ್ಕೆ ಮಣಿಯುವುದು. ಅಲ್ಲಿ ಒಬ್ಬ ಎದುರಾಳಿ ಇರಲೇಬೇಕು: ಶತ್ರು, ಹಟಮಾರಿ ಮಗು, ಬಾಯಿಚಪಲ. ‘ಗಿವ್ ಅಪ್’ಗೆ ಎದುರಾಳಿ ಬೇಕಿಲ್ಲ, ಒಬ್ಬನೇ ಕೋಣೆಯಲ್ಲಿ ಕೂತು ಗಣಿತದ ಲೆಕ್ಕವನ್ನು ಕೈಬಿಡಬಹುದು. ಆ ವೇಳೆಗೆ ಬ್ರಿಟನ್ ಹಿಟ್ಲರನ ಬಾಂಬುಗಳನ್ನು ತಿಂದು ನಿಂತಿತ್ತು. ‘ಮಣಿಯಬೇಡಿ’ ಎಂಬುದು ಆ ಹೊತ್ತಿನ ಮಾತು. ಅದನ್ನು ‘ಕೈಚೆಲ್ಲಬೇಡಿ’ ಎಂದು ಭಿತ್ತಿಪತ್ರಗಳಿಗೆ ಇಳಿಸಿದಾಗ ಎದುರಾಳಿ ಮಾಯವಾದ, ವಿನಾಯಿತಿಯೂ ಮಾಯವಾಯಿತು. ಉಳಿದದ್ದು ಪರೀಕ್ಷೆಗೆ ಓದುವವರಿಗೂ ಅಂಗಡಿ ಇಟ್ಟವರಿಗೂ ಸಮನಾಗಿ ಹಂಚಬಹುದಾದ ಒಂದು ಬೋಧನೆ.

ನಮ್ಮ ಕೈ, ನಮ್ಮ ಬಿಡು

ಇಂಗ್ಲಿಷ್ ಕ್ರಿಯಾಪದದ ಹಿಂದೆ ದಿಕ್ಕನ್ನು ಇಡುತ್ತದೆ: ಮೇಲೆ, ಒಳಗೆ, ಹೊರಗೆ. ಕನ್ನಡ ಕ್ರಿಯಾಪದದ ಮುಂದೆ ಮೈಯ ಅಂಗವನ್ನು ಇಡುತ್ತದೆ. ಕೈಬಿಡು, ಕೈಚೆಲ್ಲು, ಕೈಕೊಡು, ಕೈಯೆತ್ತು, ಕೈತೊಳೆದುಕೊ; ಎಲ್ಲವೂ ಒಂದಲ್ಲ ಒಂದು ಬಗೆಯ ಗಿವ್ ಅಪ್. ಆದರೆ ಒಂದೊಂದರಲ್ಲೂ ಆಡಿದವನ ಅಭಿಪ್ರಾಯ ಸೇರಿಕೊಂಡಿದೆ. ‘ಯೋಜನೆಯನ್ನು ಕೈಬಿಟ್ಟರು’ ಎಂಬುದು ಸರ್ಕಾರಿ ಪ್ರಕಟಣೆಯ ತಣ್ಣನೆಯ ಮಾತು. ‘ಕೈಚೆಲ್ಲಿದರು’ ಎಂದರೆ ಹತಾಶೆ. ‘ಕೈತೊಳೆದುಕೊಂಡರು’ ಎಂದರೆ ಆಕ್ಷೇಪಣೆ. ‘ಕೈಕೊಟ್ಟರು’ ಎಂದರೆ ನೇರ ಆರೋಪ.

‘ಬಿಡು’ ಇನ್ನೂ ದೂರ ಹೋಗುತ್ತದೆ. ‘ಮಳೆ ಬಿಟ್ಟಿತು’ ಎನ್ನುವಲ್ಲಿ ಇಂಗ್ಲಿಷಿಗೆ ‘ಗಿವ್ ಅಪ್’ ಒದಗದು, ‘ಲೆಟ್ ಅಪ್’ ಬೇಕು. ಕಾಶಿಗೋ ಗಯೆಗೋ ಹೋಗಿಬಂದ ಹಿರಿಯರು ಇಷ್ಟದ ಒಂದು ಹಣ್ಣನ್ನೋ ತರಕಾರಿಯನ್ನೋ ಅಲ್ಲೇ ಬಿಟ್ಟು ಬಂದಿರುತ್ತಾರೆ. ಈಸ್ಟರಿಗೆ ಮುಂಚಿನ ಲೆಂಟ್ ವ್ರತದಲ್ಲಿ ಈ ಸಲ ಏನನ್ನು ‘ಗಿವ್ ಅಪ್’ ಮಾಡುತ್ತೀ ಎಂದು ಕ್ರೈಸ್ತರು ಪರಸ್ಪರ ಕೇಳುವುದೂ ಇದೇ ಅರ್ಥದಲ್ಲಿ. ಅವರದು ನಲವತ್ತು ದಿನದ ಲೆಕ್ಕ, ನಮ್ಮವರದು ಜೀವಮಾನದ್ದು. ಮೊದಲಿಂದಲೂ ಸೇರದ ಹಾಗಲಕಾಯಿಯನ್ನು ಕಾಶಿಯಲ್ಲಿ ಬಿಟ್ಟು ಬರುವ ಜಾಣರೂ ನಮ್ಮಲ್ಲಿದ್ದಾರೆ. ಅವರು ಬಿಟ್ಟರೆಂಬುದು ವ್ಯಾಕರಣದಲ್ಲಿ ನಿಜ, ವ್ರತದಲ್ಲಿ ಅಲ್ಲ.

ನಾವಿಂದು ಸೇರಿರುವುದು ದತ್ತಿಯ ಹೆಸರಿನಲ್ಲಿ. ಕನ್ನಡ ಶಾಸನಗಳಲ್ಲಿ ಈ ಪದದ ಜೊತೆ ಮತ್ತೆ ಮತ್ತೆ ಬರುವ ಕ್ರಿಯೆ ‘ಬಿಡು’ವೇ: ‘ಬಿಟ್ಟ ದತ್ತಿ’. ಅರಸನೋ ಗಾವುಂಡನೋ ವ್ಯಾಪಾರಿಯೋ ಧಾರಾಪೂರ್ವಕವಾಗಿ ಗದ್ದೆಯನ್ನು, ತೋಟವನ್ನು, ಸುಂಕವನ್ನು ದೇವರಿಗೋ ಮಠಕ್ಕೋ ಬಿಟ್ಟ. ನೀರು ಬಿದ್ದಮೇಲೆ ಅದು ಅವನದಲ್ಲ. ಇಂಗ್ಲಿಷ್ ‘ಅಪ್’ ಎಂಬ ಒಂದು ಚೂರಿನಿಂದ ಹೇಳುವ ಆ ಪೂರ್ಣತೆಯನ್ನು ನಮ್ಮ ಶಾಸನಕಾರರು ಶಾಪದಿಂದ ಭದ್ರಪಡಿಸಿದರು: ಕೊಟ್ಟದ್ದನ್ನು ಮರಳಿ ಕಸಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ. ಬಿಡುವುದು ಇಲ್ಲಿ ಸೋಲಲ್ಲ, ಕಲ್ಲಿನ ಮೇಲೆ ಕೆತ್ತಿಸಿಕೊಳ್ಳಬಹುದಾದ ಕೀರ್ತಿ. 1919ರ ಮೇ 31ರಂದು, ಜಲಿಯನ್‌ವಾಲಾ ಬಾಗ್ ಹತ್ಯಾಕಾಂಡವನ್ನು ಪ್ರತಿಭಟಿಸಿ ವೈಸ್‌ರಾಯ್ ಚೆಲ್ಮ್ಸ್‌ಫರ್ಡರಿಗೆ ಪತ್ರ ಬರೆದು ‘ಸರ್’ ಬಿರುದು ಬೇಡವೆಂದ ರವೀಂದ್ರನಾಥ ಠಾಕೂರರ ಕಥೆಯಲ್ಲೂ ಹಾಗೆಯೇ. 1915ರಲ್ಲಿ ಬಿರುದು ಪಡೆದದ್ದಕ್ಕಿಂತ ಬಿಟ್ಟದ್ದನ್ನೇ ಜನ ನೆನೆಯುತ್ತಾರೆ.

ಬಿಟ್ಟಳೋ, ಬಿಡಿಸಿದರೋ

ಆದರೆ ಬಿಡುವವರು ಬೇರೆ, ಬಿಡಲ್ಪಟ್ಟವರು ಬೇರೆ. ದೇವರಿಗೆ ಗೂಳಿ ಬಿಟ್ಟಂತೆ ನಮ್ಮಲ್ಲಿ ಹೆಣ್ಣುಮಕ್ಕಳನ್ನೂ ದೇವರಿಗೆ ಬಿಟ್ಟರು. ಆ ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ 1982ರಲ್ಲಿ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ತಂದಿತು. ಬಿಟ್ಟವರಿಗೆ ಪುಣ್ಯದ ನಂಬಿಕೆಯಿತ್ತು, ಬಿಡಲ್ಪಟ್ಟವಳನ್ನು ಯಾರೂ ಕೇಳಿರಲಿಲ್ಲ. ಇಂಗ್ಲಿಷಿನಲ್ಲೂ ಇಂಥದೇ ಒಂದು ಜಗಳವಿದೆ. ಮಗುವನ್ನು ದತ್ತು ಕೊಡುವುದಕ್ಕೆ ‘ಗಿವ್ ಅಪ್ ಫಾರ್ ಅಡಾಪ್ಷನ್’ ಎನ್ನುವುದು ವಾಡಿಕೆ. ಇದು ತಾಯಿಯನ್ನು ಕೈಚೆಲ್ಲಿದವಳಂತೆಯೂ ಮಗುವನ್ನು ಬೇಡದ ವಸ್ತುವಿನಂತೆಯೂ ಕಾಣಿಸುತ್ತದೆ ಎಂಬ ಆಕ್ಷೇಪ ಎದ್ದು, ಆ ಕ್ಷೇತ್ರದಲ್ಲಿ ದುಡಿಯುವವರು ‘ಪ್ಲೇಸ್’ ಎಂಬ ಕ್ರಿಯಾಪದವನ್ನು ಮುಂದಿಟ್ಟರು. ಎರಡು ಪುಟ್ಟ ಪದಗಳು ಒಬ್ಬ ತಾಯಿಯ ಮೇಲೆ ತೀರ್ಪು ಹೊರಿಸಬಲ್ಲವು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದ್ದರಿಂದ ಅಧ್ಯಾಪಕರಲ್ಲಿ ನನ್ನ ವಿನಂತಿ: ‘ಗಿವ್ ಅಪ್’ ಎಂದರೆ ‘ಬಿಟ್ಟುಬಿಡು’ ಎಂದು ಹಲಗೆಯ ಮೇಲೆ ಬರೆದು ಮುಗಿಸಬೇಡಿ. ಕರ್ಮಪದಗಳ ಒಂದು ಸಾಲು ಬರೆಯಿರಿ: ಸೀಟು, ಸಿಗರೇಟು, ಸಿಂಹಾಸನ, ಆಸೆ, ಹೆಸರು, ಪ್ರಾಣ. ಒಂದೊಂದಕ್ಕೂ ಕನ್ನಡ ಕ್ರಿಯಾಪದವನ್ನು ಮಕ್ಕಳ ಬಾಯಿಂದಲೇ ಹೊರಡಿಸಿ. ಅವರು ತರುವ ಪದಗಳಲ್ಲೇ ಯಾರು ಸೋತರು, ಯಾರು ಕೊಟ್ಟರು ಎಂಬುದು ಬಂದುಬಿಡುತ್ತದೆ.

ಅನುವಾದಕರಿಗೆ ಒಂದು ವಾಕ್ಯ ಕೊಡುತ್ತೇನೆ. ‘ಶಿ ಗೇವ್ ಅಪ್ ಹರ್ ಸ್ಟಡೀಸ್ ಆಫ್ಟರ್ ಮ್ಯಾರೇಜ್.’ ಎಷ್ಟೋ ಕಥೆಗಳಲ್ಲಿ, ಜೀವನಚರಿತ್ರೆಗಳಲ್ಲಿ ಇಂಥ ವಾಕ್ಯ ತಲೆತಗ್ಗಿಸಿಕೊಂಡು ಹಾದುಹೋಗುತ್ತದೆ. ‘ಮದುವೆಯಾದ ಮೇಲೆ ಓದು ಬಿಟ್ಟಳು’ ಎಂದು ಬರೆದರೆ ವ್ಯಾಕರಣ ತೃಪ್ತವಾಗುತ್ತದೆ. ಆದರೆ ಕನ್ನಡದ ಕೈಯಲ್ಲಿ ಇಂಗ್ಲಿಷಿಗಿಲ್ಲದ ಒಂದು ಅನುಕೂಲವಿದೆ: ‘ಬಿಡು’ವಿನ ಪಕ್ಕದಲ್ಲೇ ‘ಬಿಡಿಸು’ ಇದೆ. ನಮ್ಮ ಹಳ್ಳಿಯ ಹೆಂಗಸರು ಈ ವ್ಯತ್ಯಾಸವನ್ನು ತಪ್ಪದೆ ಪಾಲಿಸುತ್ತಾರೆ. ‘ನಾನೇ ಬಿಟ್ಟೆ’ ಎನ್ನುವವರು ಬೇರೆ, ‘ನನ್ನ ಶಾಲೆ ಬಿಡಿಸಿದರು’ ಎನ್ನುವವರು ಬೇರೆ. ಸರ್ಕಾರಿ ಕಡತಗಳಲ್ಲೂ ‘ಶಾಲೆ ಬಿಟ್ಟ ಮಕ್ಕಳು’ ಎಂಬ ಮಾತಿನ ಜೊತೆಗೆ ‘ಶಾಲೆಯಿಂದ ಹೊರಗುಳಿದ ಮಕ್ಕಳು’ ಎಂಬುದು ಬಳಕೆಗೆ ಬಂದಿದೆ. ಬಿಟ್ಟ ಹೊಣೆಯನ್ನು ಮಗುವಿನ ತಲೆಗೆ ಕಟ್ಟಲು ಅಲ್ಲಿಯೂ ಯಾರಿಗೋ ಮನಸ್ಸು ಹಿಂಜರಿದಿರಬೇಕು.

ಹಾಗಾಗಿ ಆ ವಾಕ್ಯ ಎದುರಾದಾಗ ಲೇಖನಿ ಎತ್ತುವ ಮುನ್ನ ಪುಟ ಹಿಂದಕ್ಕೆ ತಿರುಗಿಸಿ. ಓದು ನಿಲ್ಲಿಸಬೇಕೆಂದು ಮೊದಲು ಹೇಳಿದವರು ಯಾರು, ಅವಳು ಒಪ್ಪಿದಳೇ, ಪುಸ್ತಕಗಳು ಏನಾದವು ಎಂಬುದನ್ನು ಹುಡುಕಿ. ಮೂಲ ಏನೂ ಹೇಳದಿದ್ದರೆ ‘ಬಿಟ್ಟಳು’ ಎಂದೇ ಬರೆಯಿರಿ, ಊಹಿಸಿ ಸೇರಿಸುವ ಹಕ್ಕು ಅನುವಾದಕನಿಗಿಲ್ಲ. ಆದರೆ ಮೂಲದಲ್ಲಿ ಸುಳಿವಿದ್ದೂ ‘ಬಿಟ್ಟಳು’ ಎಂದು ಬರೆದರೆ, ಸೆರೆಯಲ್ಲಿದ್ದ ಬಿಷಪ್ಪರು ತಾವಾಗಿ ಕೋಟೆ ಕೊಟ್ಟರೆಂದು ಸಾಕ್ಷಿ ಹೇಳಿದಂತಾಗುತ್ತದೆ.